ಹದಿನಾಲ್ಕು ಸಂಜೆಗಳ ಬೆಳಕು

ಖಾಲಿ ತಟ್ಟೆಗೇ ತಕ್ಕಡಿ ಐವತ್ತು ಗ್ರಾಂ ತೋರಿಸುತ್ತಿತ್ತು. ಅವನು ತಟ್ಟೆ ಎತ್ತಿ, ಕರವಸ್ತ್ರದಿಂದ ಅದರ ಅಡಿ ಒರೆಸಿ, ಮತ್ತೆ ಇಟ್ಟ. ಐವತ್ತೇ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಇಪ್ಪತ್ತಾರು ವರ್ಷ ಅಂಗಡಿ ಅಂಗಡಿ ಸುತ್ತಿದವನಿಗೆ ಇದು ಹೊಸದೇನಲ್ಲ. ಮಾರುಕಟ್ಟೆಯವರು ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದುದೇ ಸೊನ್ನೆ ಸಾಹೇಬರು ಎಂದು. ಯಾವ ಅಂಗಡಿಗೆ ಹೋದರೂ ಅವನು ಮೊದಲು ನೋಡುತ್ತಿದ್ದುದು ಮಾಲನ್ನಲ್ಲ, ತೂಕದ ಕಲ್ಲುಗಳನ್ನಲ್ಲ, ಖಾಲಿ ತಕ್ಕಡಿ ಸೊನ್ನೆಗೆ ನಿಲ್ಲುತ್ತದೋ ಇಲ್ಲವೋ ಎಂಬುದನ್ನು. ಟೊಮೆಟೊ ಮಾರುವವನು ಕೈ ಹೊಸೆಯುತ್ತ, "ಶುರುನೇ ಸ್ವಲ್ಪ ಮೇಲಿದೆ ಅಷ್ಟೇ ಸಾರ್. ಆಮೇಲೆ ಎಲ್ಲಾ ಸರಿಯಾಗೇ ತೂಗುತ್ತೆ" ಎಂದ. ಬೇರೆ ದಿನವಾಗಿದ್ದರೆ ಈ ಮಾತಿಗೆ ನಗು ಬರುತ್ತಿತ್ತು, ನಗುತ್ತಲೇ ಚೀಲದಿಂದ ನೋಟಿಸಿನ ಪುಸ್ತಕ ತೆಗೆಯುತ್ತಿದ್ದ. ಇವತ್ತು ಆ ಮಾತು ಕಿವಿಗೆ ಹೊಕ್ಕಿದ್ದು ಅಲ್ಲೇ ಕೂತುಬಿಟ್ಟಿತು. ಸಂಜೆ ಏಳಕ್ಕೆ ವಿದ್ಯುತ್ ಕಂಪನಿಯವರು ಅವನ ಮನೆ ಬಾಗಿಲಿಗೆ ಹಸಿರು ಎಲೆಯ ಗುರುತು ಅಂಟಿಸಲು ಬರುವವರಿದ್ದರು, ಫೋಟೋ ತೆಗೆಯುತ್ತಾರಂತೆ, ಶುರುನೇ ಸ್ವಲ್ಪ ಮೇಲಿದೆ ಅಷ್ಟೇ. ಅವನು ಪುಸ್ತಕ ತೆರೆದ, ಪೆನ್ನಿನ ಮುಚ್ಚಳ ಬಿಚ್ಚಿದ, ಮತ್ತೆ ಹಾಕಿದ. "ಸರಿ ಮಾಡಿಸ್ಕೋ" ಎಂದಷ್ಟೇ ಹೇಳಿ ಮುಂದೆ ನಡೆದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬನನ್ನು ಸುಮ್ಮನೆ ಬಿಟ್ಟಿದ್ದ, ಅದೂ ಕರುಣೆಯಿಂದಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಗಂಟೆಯ ಮೇಲೆ ಸ್ಕೂಟರಿನ ಹತ್ತಿರ ಬಂದರೆ ಹ್ಯಾಂಡಲಿಗೆ ಒಂದು ಚೀಲ ಟೊಮೆಟೊ ನೇತಾಡುತ್ತಿತ್ತು. ತಿರುಗಿ ನೋಡಿದರೆ ದೂರದಲ್ಲಿ ಆ ವ್ಯಾಪಾರಿ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ, ಕೊನೆಗೂ ನೀವು ನಮ್ಮ ದಾರಿಗೆ ಬಂದಿರಲ್ಲ ಎನ್ನುವ ಹಾಗೆ. ಹಿಂದಕ್ಕೆ ಕೊಡಲು ಹೋದರೆ ನಾಲ್ಕು ಜನ ನೋಡುತ್ತಾರೆ. ಅವನು ಚೀಲವನ್ನು ನೇತಾಡಲು ಬಿಟ್ಟೇ ಗಾಡಿ ಹೊರಡಿಸಿದ.

ಎಲ್ಲ ಶುರುವಾದದ್ದು ಕೆಳಗಿನ ಮನೆಯ ಕಾರ್ಯದರ್ಶಿಯಿಂದ ಎಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ, ಹೇಳಿಕೊಂಡಾಗಲೆಲ್ಲ ಅದು ಸುಳ್ಳೆಂದೂ ಗೊತ್ತಾಗುತ್ತಿತ್ತು. ಬ್ಯಾಂಕಿನಿಂದ ನಿವೃತ್ತರಾದ ಆ ಮನುಷ್ಯ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ. ಕಂಪನಿಯ ಯೋಜನೆ ಬಂದ ದಿನದಿಂದ ಅವರಿಗೆ ಮೈಯೆಲ್ಲ ಹುರುಪು. ಸಂಜೆ ಆರರಿಂದ ಒಂಬತ್ತರ ತನಕ ಊರೆಲ್ಲ ಒಟ್ಟಿಗೆ ಸ್ವಿಚ್ಚು ಒತ್ತುತ್ತದೆ, ಆ ಹೊತ್ತಿನ ಭಾರ ತಡೆಯುವುದು ಕಷ್ಟ, ಆದ್ದರಿಂದ ಬಟ್ಟೆ ಒಗೆಯುವುದು, ನೀರು ಕಾಯಿಸುವುದು, ಇಸ್ತ್ರಿ ಇಂಥವನ್ನೆಲ್ಲ ಬೇರೆ ಹೊತ್ತಿಗೆ ಸರಿಸಿಕೊಂಡ ಮನೆಗಳಿಗೆ ಬಹುಮಾನ. ಮೊದಲ ಹದಿನಾಲ್ಕು ದಿನ ಮೀಟರು ಸುಮ್ಮನೆ ನೋಡುತ್ತದೆ. ಆ ದಿನಗಳ ಸಂಜೆಯ ಬಳಕೆಯೇ ಆ ಮನೆಯ ವಾಡಿಕೆ. ಆಮೇಲಿನ ಒಂದು ತಿಂಗಳಲ್ಲಿ ವಾಡಿಕೆಗಿಂತ ಎಷ್ಟು ಇಳಿಸುತ್ತಾರೋ ಅಷ್ಟು ಅಂಕ. ಮೊದಲ ಸುತ್ತಿನಲ್ಲಿ ಮೂರನೇ ಮಹಡಿಯವರಿಗೆ ಬಹುಮಾನದ ಹಸಿರು ಎಲೆ ಬಂತು. ಎರಡು ಏಸಿಯಲ್ಲಿ ಒಂದನ್ನು ಆರಿಸಿದ್ದಕ್ಕೆ. ಎದುರು ಮನೆಗೂ ಬಂತು. ಅವನ ಮನೆಗೆ ಸೊನ್ನೆ. ಸಂಜೆಯ ಹೊತ್ತು ಅಮ್ಮ ಅಡುಗೆಮನೆಯ ಒಂದು ಸಣ್ಣ ದೀಪ ಬಿಟ್ಟರೆ ಏನನ್ನೂ ಹಚ್ಚುವವಳಲ್ಲ, ಅಲ್ಲಿಂದ ಇಳಿಸುವುದಕ್ಕೆ ಏನಿತ್ತು? ಆದರೆ ಮೊಬೈಲಿಗೆ ಬಂದ ಸಂದೇಶಕ್ಕೆ ಅದೆಲ್ಲ ಗೊತ್ತಿರಲಿಲ್ಲ: ನಿಮ್ಮ ಮನೆಯವರು ಇನ್ನೂ ಪ್ರಯತ್ನಿಸಬೇಕು. ಅದನ್ನೂ ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದನೇನೋ. ಆದರೆ ಆ ಭಾನುವಾರ ಕಾರ್ಯದರ್ಶಿ ಒಂದು ಕಾಗದ ಹಿಡಿದು ಮನೆಗೇ ಬಂದರು, ಕುರ್ಚಿ ಎಳೆದುಕೊಂಡು ಕೂತರು, ಅಮ್ಮನಿಗೆ ಪಾಠ ಶುರುಮಾಡಿದರು. "ನೋಡಿ ಅಮ್ಮಾವ್ರೇ, ಯಾರೂ ಇಲ್ಲದ ರೂಮಿನ ದೀಪ ಆರಿಸಿಬಿಡ್ಬೇಕು. ಸಣ್ಣ ಅಭ್ಯಾಸ, ಆದ್ರೆ ಮನಸ್ಸಿಗೆ ತಗೋಬೇಕು." ಅಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡು ಎಲ್ಲ ಕೇಳಿದಳು. "ಆಯ್ತಪ್ಪ, ಹಾಗೇ ಮಾಡ್ತೀನಿ" ಎಂದಳು. ಅವನು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಂದು ಮಾತಾಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಕಾರ್ಯದರ್ಶಿ ಹೋದ ಮೇಲೆ ಅಮ್ಮ ಅವನತ್ತ ತಿರುಗಿ, "ನಾವೇನು ಜಾಸ್ತಿ ಸುಡ್ತೀವೇನೋ?" ಎಂದು ಕೇಳಿದ್ದಳು, ನಿಜವಾಗಿಯೂ ತನ್ನದೇನೋ ತಪ್ಪಿದೆಯೆಂಬ ದನಿಯಲ್ಲಿ. ಅವನಿಗೆ ಮೈ ಉರಿದುಹೋಯಿತು.

ಈ ಅಮ್ಮನಿಗೆ ದೀಪ ಆರಿಸುವ ಪಾಠ. ಅವನು ಚಿಕ್ಕವನಿದ್ದಾಗ ಮನೆಯಲ್ಲಿ ಇದ್ದುದೇ ಒಂದು ಬಲ್ಬು, ಅಡುಗೆಮನೆಯಲ್ಲಿ. ಸಂಜೆಯಾಗುತ್ತಲೇ ಅಮ್ಮ ಸ್ಟೂಲು ಹತ್ತಿ, ಸೆರಗಿನಿಂದ ಹಿಡಿದು ಅದನ್ನು ಬಿಚ್ಚಿ ತಂದು, ಅವನ ಓದುವ ಮೇಜಿನ ಮೇಲಿನ ಹೋಲ್ಡರಿಗೆ ಹಾಕುತ್ತಿದ್ದಳು, ತಾನು ಒಲೆಯ ಉರಿಯ ಬೆಳಕಲ್ಲೇ ಅಡುಗೆ ಮಾಡುತ್ತಿದ್ದಳು. ಬಲ ಮಣಿಕಟ್ಟಿನ ಮೇಲೆ ಈಗಲೂ ಇರುವ ಸುಟ್ಟ ಕಲೆ ಆ ದಿನಗಳದ್ದು. ಒಂದು ಸಂಜೆ ಅವನು ಪುಸ್ತಕದ ಅಂಚಿನಲ್ಲಿ ಮೇಷ್ಟರ ಮೂಗಿನ ಚಿತ್ರ ಬರೆಯುತ್ತ ಕೂತಿದ್ದಾಗ ಯಾಕೋ ತಲೆಯೆತ್ತಿದ. ಕತ್ತಲಿನ ಬಾಗಿಲಲ್ಲಿ ಅಮ್ಮ ನಿಂತು ಅವನನ್ನೇ ನೋಡುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಆದರೆ ನಿಂತ ರೀತಿಯಲ್ಲೇ ಮಗ ಓದುವುದನ್ನು ನೋಡಿ ಅವಳಿಗೆ ಹೊಟ್ಟೆ ತುಂಬಿದೆಯೆಂದು ತಿಳಿಯುತ್ತಿತ್ತು. ಅವನು ಚಿತ್ರದ ಮೇಲೆ ಅಂಗೈ ಇಟ್ಟು, ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತ ಓದುವವನಂತೆ ನಟಿಸಿದ. ಐವತ್ತೆರಡು ವರ್ಷದ, ಮದುವೆಯ ಗೋಜಿಗೆ ಹೋಗದ, ಇಡೀ ಮಾರುಕಟ್ಟೆಯ ಸೊನ್ನೆಗಳಿಗೆ ಮೊಹರು ಹಾಕುವ ಅವನಿಗೆ ಇವತ್ತಿಗೂ ಆ ಸಂಜೆ ನೆನಪಾದರೆ ಕುತ್ತಿಗೆ ತಾನಾಗಿ ಬಾಗುತ್ತದೆ. ಕಾರ್ಯದರ್ಶಿಯ ಪಾಠದ ರಾತ್ರಿ ಊಟಕ್ಕೆ ಕೂತಾಗಲೇ ಅವನಿಗೆ ಉಪಾಯ ಹೊಳೆದಿತ್ತು, ಹೊಳೆದಾಗ ಎಷ್ಟು ಸುಲಭವಾಗಿ ಹೊಳೆಯಿತಲ್ಲ ಎಂದು ತನಗೇ ಆಶ್ಚರ್ಯವಾಗಿತ್ತು. ಮುಂದಿನ ಸುತ್ತಿಗೆ ಮತ್ತೆ ಹದಿನಾಲ್ಕು ದಿನ ಮೀಟರು ನೋಡುತ್ತದೆ. ನೋಡಲಿ. ಖಾಲಿ ತಟ್ಟೆಗೇ ಎಷ್ಟು ಬೇಕೋ ಅಷ್ಟು ತೋರಿಸಿದರಾಯಿತು. ಅಮ್ಮನ ಮರ್ಯಾದೆ ಉಳಿಸಲಿಕ್ಕೆ ಎಂದು ಆಗ ಅಂದುಕೊಂಡಿದ್ದ. ಆದರೆ ಅವನ ಕಣ್ಣ ಮುಂದೆ ಬರುತ್ತಿದ್ದುದು ಅಮ್ಮನ ಮುಖವಲ್ಲ, ಎದುರು ಮನೆಯ ಬಾಗಿಲಿನ ಮೇಲಿದ್ದ ಅಂಗೈಯಗಲದ ಹಸಿರು ಎಲೆ.

ಮೊದಲ ಸಂಜೆ ಆರಕ್ಕೆ ಸರಿಯಾಗಿ ಅವನು ಮನೆಯ ಎಲ್ಲ ದೀಪ ಹಚ್ಚಿದ. ಅಮ್ಮನ ಕುರ್ಚಿಯ ಮೇಲೆ ಹೊಸದಾಗಿ ಎರಡು ದೊಡ್ಡ ಬಲ್ಬು ತಂದು ಹಾಕಿದ್ದ. ಗೀಜರಿನ ಸ್ವಿಚ್ಚು ಒತ್ತಿದ, ಅಟ್ಟದ ಮೇಲಿದ್ದ ಹೀಟರು ಇಳಿಸಿ ಅಮ್ಮನ ಕಾಲ ಬಳಿ ಇಟ್ಟ, ಬೇರೆ ಜಾಗವಿರಲಿಲ್ಲವೆಂದು. ಇಸ್ತ್ರಿಪೆಟ್ಟಿಗೆಯನ್ನು ಒಳಕೋಣೆಯ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಅದನ್ನೂ ಹಾಕಿದ. "ಯಾರಾದ್ರೂ ಬರ್ತಾರಾ?" ಎಂದಳು ಅಮ್ಮ. "ಇಲ್ಲ, ಸುಮ್ನೆ. ಇರ್ಲಿ ಬಿಡು." ಎರಡನೇ ಸಂಜೆ ಅವಳು ಎದ್ದು ಹೋಗಿ ಪಡಸಾಲೆಯ ದೀಪ ಆರಿಸಿದಳು, ಅವನು ಮತ್ತೆ ಹಚ್ಚಿದ. ಮೂರನೆಯ ಸಂಜೆಯಿಂದ ಏನೂ ಕೇಳಲಿಲ್ಲ, ಏನೋ ಅರ್ಥವಾದವಳಂತೆ ಸುಮ್ಮನೆ ನಕ್ಕಳು. ಐದನೆಯ ಸಂಜೆ ಅವನು ಬರುವಷ್ಟರಲ್ಲಿ ಪೆಟ್ಟಿಗೆಯಿಂದ ತುಂಡು ಬಟ್ಟೆಗಳ ಒಂದು ಹೊದಿಕೆ ಹೊರಬಂದಿತ್ತು. ಯಾವ ಕಾಲದಲ್ಲೋ ಅರ್ಧ ಹೊಲಿದು ಇಟ್ಟದ್ದು. ಎರಡು ಬಲ್ಬಿನ ಕೆಳಗೆ ಕೂತು, ಹೀಟರಿನ ಕಡೆ ಮಂಡಿ ಚಾಚಿ, ಅವಳು ತಾನೇ ಸೂಜಿಗೆ ದಾರ ಪೋಣಿಸಿದಳು. ಪೋಣಿಸಿದ್ದನ್ನು ಎತ್ತಿ ಹಿಡಿದು ಅವನಿಗೆ ತೋರಿಸಿದಳು. ಇಸ್ತ್ರಿ ಸುಮ್ಮನೆ ಕಾದಿರುತ್ತದಲ್ಲ ಎಂದು ಅವನ ಕರವಸ್ತ್ರಗಳಿಗೆಲ್ಲ ಇಸ್ತ್ರಿ ಹಾಕಿದಳು, ಅವು ಮುಗಿದ ಮೇಲೆ ಟವೆಲ್ಲುಗಳಿಗೆ, ಒಂದು ದಿನ ಕೈ ಒರೆಸುವ ಬಟ್ಟೆಗೂ ಗೆರೆ ಬೀಳುವಂತೆ ಇಸ್ತ್ರಿ ಹಾಕಿ ಮಡಿಸಿಟ್ಟಳು. ಅವನಿಗೆ ಈ ಸಂಭ್ರಮ ನೋಡಲಿಕ್ಕಾಗುತ್ತಿರಲಿಲ್ಲ. ಪತ್ರಿಕೆ ಅಡ್ಡ ಹಿಡಿದು ಕೂರುತ್ತಿದ್ದ. ಒಂಬತ್ತನೆಯ ಸಂಜೆ ಅವಳು ಎದ್ದು ಬಂದು ಪತ್ರಿಕೆಯನ್ನು ಕೆಳಗಿಳಿಸಿ ಅವನ ಮುಖವನ್ನೇ ನೋಡಿದಳು, ಸಂತೆಯಲ್ಲಿ ಹಣ್ಣು ನೋಡುವ ಹಾಗೆ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ. "ನಿನ್ನ ಹುಬ್ಬೂ ನರೆತಿದೆಯಲ್ಲೋ. ನಂಗೆ ಗೊತ್ತೇ ಇರ್ಲಿಲ್ಲ." ಕಣ್ಣಿನ ಡಾಕ್ಟರು ಪೊರೆ ಇದೆ, ಆಪರೇಷನ್ ಮಾಡಿಸಿಬಿಡಿ ಎಂದು ಹೇಳಿ ಎರಡು ವರ್ಷವಾಗಿತ್ತು. ಅವನು ರಜೆ ಸಿಗಲಿ ಎಂದಿದ್ದ. ಅಮ್ಮ ಆ ಮೇಲೆ ಆ ಮಾತೆತ್ತಿರಲಿಲ್ಲ. ಸಂಜೆಯಾದರೆ ತನಗೆ ಏನೂ ಕಾಣುವುದಿಲ್ಲವೆಂದು ಅವಳು ಎಂದೂ ಹೇಳಲಿಲ್ಲ, ಅವನೂ ಎಂದೂ ಕೇಳಲಿಲ್ಲ. ಅವಳು ದೀಪ ಹಚ್ಚದೆ ಕೂರುವುದು ಉಳಿತಾಯವೆಂದೇ ಇಬ್ಬರೂ ನಡೆಸಿಕೊಂಡು ಬಂದಿದ್ದರು.

ಹದಿನೈದನೆಯ ಸಂಜೆ ಅವನು ಎಲ್ಲವನ್ನೂ ಆರಿಸಿದ. "ಇನ್ಮೇಲೆ ಆರರಿಂದ ಒಂಬತ್ತರ ತನಕ ಏನೂ ಹಚ್ಚೋದು ಬೇಡಮ್ಮ, ಅಡುಗೆಮನೆ ದೀಪಾನೂ. ಅಡುಗೆ ಮಧ್ಯಾಹ್ನವೇ ಮಾಡಿಬಿಡು." ಈ ಮಾತು ಹೇಳುವುದಕ್ಕೆ ದಾರಿಯುದ್ದಕ್ಕೂ ಕಾರಣಗಳನ್ನು ಜೋಡಿಸಿಕೊಂಡು ಬಂದಿದ್ದ, ಒಂದೂ ಬೇಕಾಗಲಿಲ್ಲ. ಅಮ್ಮ "ಆಯ್ತು" ಎಂದಳು, ಹೊಲಿಯುತ್ತಿದ್ದ ಜಾಗದಲ್ಲೇ ಸೂಜಿ ಚುಚ್ಚಿ, ಹೊದಿಕೆಯನ್ನು ಮಡಿಸಿ ಕುರ್ಚಿಯ ಕೈಯ ಮೇಲೆ ಹಾಕಿದಳು. ಬೆಳಗಿನ ಹೊತ್ತು ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆಯೆಲ್ಲ ಈಗ ಸಂಜೆಯ ಕೆಲಸಗಳಿಗೇ ಸರಿಹೋಗುತ್ತಿತ್ತು. ಅಲ್ಲಿಂದ ಒಂದು ತಿಂಗಳು ಅವನು ಕೆಲಸದಿಂದ ಬಂದು ಬೀಗ ತೆಗೆದರೆ ಒಳಗೆ ಕತ್ತಲು, ಕತ್ತಲಿನಿಂದ "ಬಂದ್ಯಾ" ಎಂಬ ದನಿ. ಅಮ್ಮ ಕುರ್ಚಿಯಿಂದ ಅಡುಗೆಮನೆಗೆ ಗೋಡೆ ಹಿಡಿದು ಹೋಗುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಆ ಗೋಡೆಯನ್ನು ನೋಡಿದ. ಸೊಂಟದೆತ್ತರಕ್ಕೆ, ಕುರ್ಚಿಯಿಂದ ಅಡುಗೆಮನೆಯ ತನಕ, ಸುಣ್ಣದ ಮೇಲೆ ಅಂಗೈ ಸವರಿದ ಒಂದು ಮಾಸಲು ಗೆರೆ. ಅಷ್ಟು ಗಾಢವಾದ ಗೆರೆ ಒಂದು ತಿಂಗಳಲ್ಲಿ ಆಗುವಂಥದಲ್ಲ. ಹಾಗಾದರೆ ಎಷ್ಟು ವರ್ಷದಿಂದ? ಅವನು ಒದ್ದೆ ಬಟ್ಟೆ ತಂದು ಒರೆಸಲು ನೋಡಿದ, ಗೆರೆ ಇನ್ನಷ್ಟು ಅಗಲವಾಯಿತು, ಬಿಟ್ಟುಬಿಟ್ಟ. ಆ ಸಂಜೆ ದೀಪ ಹಚ್ಚಿಬಿಡಬೇಕೆಂದು ಎರಡು ಸಲ ಎದ್ದ. ಎರಡು ಸಲವೂ ಮೊಬೈಲು ತೆಗೆದು ನೋಡಿದ; ಕಟ್ಟಡದ ಪಟ್ಟಿಯಲ್ಲಿ ಅವನ ಮನೆ ಎಲ್ಲರಿಗಿಂತ ಮೇಲಿತ್ತು. ಇನ್ನು ಒಂಬತ್ತೇ ದಿನ ಎಂದುಕೊಂಡು ಕೂತ. ಹೀಗೆ ಕೂತವನು ನಾನು ಎಂದು ಈಗ, ಟೊಮೆಟೊ ಚೀಲ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತ, ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಮ್ಮ ಒಳ್ಳೆಯ ಸೀರೆ ಉಟ್ಟು, ಕತ್ತಲಲ್ಲಿ, ಕುರ್ಚಿಯಲ್ಲಿ ಕೂತಿದ್ದಳು. ಚೀಲ ಇಸಿದುಕೊಂಡು ಒಳಗೆ ಕೈಹಾಕಿ ಒಂದೊಂದನ್ನೇ ಮುಟ್ಟಿ ನೋಡಿದಳು. "ಒಳ್ಳೇ ಮಾಲು. ಯಾರ ಹತ್ರ ತಗೊಂಡೆ?"

"ಮಾರ್ಕೆಟ್ಟಲ್ಲಿ" ಎಂದ. ಇವತ್ತಿನ ಲೆಕ್ಕದಲ್ಲಿ ಇದೊಂದು ಸಣ್ಣ ಸುಳ್ಳು.

ಏಳಕ್ಕೆ ಐದು ನಿಮಿಷವಿದ್ದಾಗ ಮೆಟ್ಟಿಲಲ್ಲಿ ಕಾರ್ಯದರ್ಶಿಯ ದನಿ ಕೇಳಿಸಿತು. ಕೈಯಲ್ಲಿ ಟಾರ್ಚು, ಹಿಂದೆ ಕಂಪನಿಯ ಹುಡುಗಿ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಬಗಲಲ್ಲಿ ಬಹುಮಾನದ ಡಬ್ಬಿ, ನೀರು ಕಾಯಿಸುವ ಕೆಟಲ್ಲಿನ ಚಿತ್ರವಿದ್ದದ್ದು. "ಹಗಲು ಹೊತ್ತಲ್ಲೇ ಬಳಸ್ಬೇಕು ಆಯ್ತಾ ಅಜ್ಜಿ" ಎಂದು ನಗುತ್ತ ಅವಳು ಡಬ್ಬಿಯನ್ನು ಅಮ್ಮನ ತೊಡೆಯ ಮೇಲೆ ಇಟ್ಟಳು. ಕಾರ್ಯದರ್ಶಿ ಟಾರ್ಚಿನ ಬೆಳಕನ್ನು ಚಾವಣಿಗೆ ಬಿಟ್ಟು, "ನೋಡಿದ್ರಾ ಮೇಡಂ, ಎಂಥ ಶಿಸ್ತು. ನಾನು ಒಂದೇ ಒಂದು ಸಲ ಹೇಳಿದ್ದು ಅಮ್ಮಾವ್ರಿಗೆ" ಎಂದರು. ಹುಡುಗಿ ಎಲೆಯ ಗುರುತಿನ ಹಿಂದಿನ ಕಾಗದ ಸುಲಿಯಲು ಉಗುರಿನಿಂದ ಅಂಚು ಹುಡುಕುತ್ತ ಕೇಳಿದಳು, "ಅಜ್ಜಿ, ಇಡೀ ಕಟ್ಟಡಕ್ಕೆ ನಿಮ್ಮ ಮನೇನೇ ಮೊದಲು. ಹೇಗೆ ಮಾಡಿದ್ರಿ ಹೇಳಿ, ಬೇರೆಯವ್ರಿಗೂ ತಿಳಿಸ್ತೀವಿ."

"ನಾನೇನು ಮಾಡಿದ್ದಮ್ಮ" ಎಂದಳು ಅಮ್ಮ. "ಕತ್ತಲಲ್ಲಿ ಕೂತ್ಕೊಳ್ಳೋದು ನಂಗೆ ಮೊದಲಿಂದ ರೂಢಿ. ಹೇಳೋದಾದ್ರೆ ನನ್ನ ಮಗ ಮಾಡಿದ್ದು ಹೇಳ್ಬೇಕು. ನಂಗೆ ಸಂಜೆ ಕಣ್ಣು ಕಾಣಲ್ಲ. ನಾನು ಬಾಯಿಬಿಟ್ಟು ಹೇಳಿಲ್ಲ, ಆದ್ರೂ ಅವನಿಗೆ ಗೊತ್ತಾಗಿದೆ. ಒಂದು ತಿಂಗಳ ಹಿಂದೆ ಹದಿನಾಲ್ಕು ದಿನ ಮನೆ ತುಂಬ ದೀಪ ಹಚ್ಚಿಟ್ಟ ನಂಗೋಸ್ಕರ. ಮಂಡಿ ನೋವಿಗೆ ಹೀಟರಿಟ್ಟ. ಇಸ್ತ್ರಿ ಕೂಡ ಕಾಯಿಸಿ ಇಟ್ಟಿರೋನು, ನಂಗೆ ಹೊತ್ತು ಹೋಗ್ಲಿ ಅಂತ. ಒಂದು ಮಾತು ಆಡ್ಲಿಲ್ಲ, ಅವನು ಹಾಗೇ, ಚಿಕ್ಕೋನಿದ್ದಾಗಿಂದ್ಲೂ. ಆಮೇಲೆ ಬಿಲ್ಲು ಜಾಸ್ತಿ ಬಂತೇನೋ ಪಾಪ, ಆರಿಸ್ದ. ನಾನು ಕೇಳೋಕೆ ಹೋಗ್ಲಿಲ್ಲ. ಹದಿನಾಲ್ಕು ದಿನ ಹಚ್ಚಿದ್ದೇ ದೊಡ್ಡದು."

ಹುಡುಗಿಯ ಉಗುರು ನಿಂತಿತು. ಅವಳು ಮೊಬೈಲು ತೆಗೆದು ಏನೋ ನೋಡಿದಳು; ಪರದೆಯ ಬೆಳಕಿನಲ್ಲಿ ಮುಖದ ನಗು ಹೋಗಿದ್ದು ಕಾಣಿಸಿತು. "ಆ ಹದಿನಾಲ್ಕು ದಿನ ಮಾತ್ರ ಇವರ ಮನೆ ಬಳಕೆ ಯಾಕಷ್ಟು ಮೇಲೆ ಹೋಗಿದೆ ಅಂತ ಆಫೀಸಲ್ಲೂ ಕೇಳಿದ್ರು ಸಾರ್" ಎಂದಳು ಮೆಲ್ಲಗೆ. "ಕೆಲವ್ರು ಬೇಕಂತ್ಲೇ ಹಾಗೆ ಮಾಡ್ತಾರೆ. ಅಮ್ಮನಿಗೋಸ್ಕರ ಅಂತಾದ್ರೆ ಪರ್ವಾಗಿಲ್ಲ, ನಾನು ಹಾಗೇ ಬರ್ಕೋತೀನಿ. ಹೌದಾ ಸಾರ್?" ಆಮೇಲೆ, ಅಮ್ಮನ ಕಡೆ ನೋಡುತ್ತ, "ಆದ್ರೆ ಒಂದು ದೀಪ ಅಂಥಾ ಭಾರ ಅಲ್ಲ. ಅಜ್ಜಿ ಕತ್ತಲಲ್ಲಿ ಕೂರ್ಲಿ ಅಂತ ನಾವ್ಯಾರೂ ಹೇಳಿರ್ಲಿಲ್ಲ" ಎಂದಳು.

ಹೌದು, ಯಾರೂ ಹೇಳಿರಲಿಲ್ಲ. ಅಮ್ಮ ಕತ್ತಲಿನಲ್ಲಿ ಅವನಿರುವ ಕಡೆಗೆ ಮುಖ ತಿರುಗಿಸಿ ಕಾಯುತ್ತಿದ್ದಳು, ಹೊಗಳಿಸಿಕೊಳ್ಳುವ ಮಗನ ಮುಜುಗರವನ್ನು ಕೇಳಿ ಖುಷಿಪಡಲು. ಅವನಿಗೆ ಎರಡು ದಾರಿಗಳು ಸ್ಪಷ್ಟವಾಗಿ ಕಂಡವು. ಇಲ್ಲ ಎಂದರೆ ಇಪ್ಪತ್ತಾರು ವರ್ಷ ಬೇರೆಯವರಿಂದ ಕೇಳಿದ ಪ್ರಾಮಾಣಿಕತೆಯನ್ನು ಒಂದು ಸಲವಾದರೂ ತಾನು ಕೊಟ್ಟಂತಾಗುತ್ತದೆ. ಆದರೆ ಅದರ ಬೆಲೆ ತೆರುವವಳು ಅಮ್ಮ, ಆ ಹದಿನಾಲ್ಕು ಸಂಜೆಗಳೂ ಅವಳ ಕೈಯಿಂದ ಹೋಗುತ್ತವೆ. ಹೌದು ಎಂದರೆ ಅಮ್ಮನೂ ಉಳಿಯುತ್ತಾಳೆ, ಎಲೆಯೂ ಉಳಿಯುತ್ತದೆ, ಒಂದು ಸುಳ್ಳಿಗೆ ಎರಡು ಲಾಭ. ಪುಸ್ತಕದ ಮೇಲೆ ಅಂಗೈ ಮುಚ್ಚಿದ ಹುಡುಗನೂ ತಲೆ ತಗ್ಗಿಸಿ ಹೀಗೇ ಅವಳನ್ನು ನಂಬಿಸಿದ್ದ.

"ಹೌದು" ಎಂದ. "ಅಮ್ಮನಿಗೋಸ್ಕರಾನೇ." ಕಾರ್ಯದರ್ಶಿ ಮೆಚ್ಚಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದೆ ಬಂದು ಹುಡುಗಿಯ ಕೈಯಲ್ಲಿದ್ದ ಎಲೆಯ ಮೇಲೆ ಕೈಯಿಟ್ಟ. "ಆದ್ರೆ ಇದು ಬೇಡ. ಡಬ್ಬೀನೂ ತಗೊಂಡು ಹೋಗಿ. ಎರಡನೇ ನಂಬರು ಯಾರದೋ ಅವ್ರಿಗೆ ಕೊಡಿ."

"ಏನ್ ಸಾರ್ ಇದು" ಎಂದರು ಕಾರ್ಯದರ್ಶಿ. "ಫೋಟೋಗೆ ಹೇಳಾಗಿದೆ. ಕಟ್ಟಡಕ್ಕೇ ಹೆಸರು ಬರೋ ವಿಷಯ."

"ಇವತ್ತಿಂದ ಸಂಜೆ ದೀಪ ಹಚ್ತೀವಿ" ಎಂದ ಅವನು, ಅವರಿಗಲ್ಲ, ಹುಡುಗಿಗೆ. "ಬಟ್ಟೆ, ಗೀಜರು ಎಲ್ಲಾ ಹಗಲಿಗೇ ಇರ್ಲಿ, ಅದು ನೀವು ಹೇಳಿದ ಹಾಗೇ. ದೀಪ ಮಾತ್ರ ಹಚ್ತೀವಿ. ನಮ್ಮ ವಾಡಿಕೆ ಏನು ಅಂತ ಇನ್ನೊಂದ್ಸಲ ಮೊದಲಿಂದ ನೋಡ್ಕೊಳ್ಳಿ." ಹುಡುಗಿ ಅವನನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಎಲ್ಲ ತಿಳಿದಿತ್ತು, ಅವಳ ಕಣ್ಣಲ್ಲಿ ಅದು ಕಂಡಿತು. ಅವಳು ಅದನ್ನು ಅಮ್ಮನ ಎದುರು ಆಡಲಿಲ್ಲ. ಅರ್ಧ ಸುಲಿದ ಕಾಗದವನ್ನು ಮತ್ತೆ ಎಲೆಗೆ ಒತ್ತಿ ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಅಜ್ಜಿ" ಎಂದು ಡಬ್ಬಿ ಎತ್ತಿಕೊಂಡಳು. ಕಾರ್ಯದರ್ಶಿ ಮೆಟ್ಟಿಲಿಳಿಯುತ್ತ ಮಾತಾಡುತ್ತಲೇ ಇದ್ದುದು ಎರಡು ಮಹಡಿಯ ತನಕ ಕೇಳಿಸಿತು. ನಾಳೆಯೊಳಗೆ ಕಟ್ಟಡಕ್ಕೆಲ್ಲ ಸುದ್ದಿಯಾಗುತ್ತದೆ, ಆಗಲಿ.

"ಅದ್ಯಾಕೋ ಹಾಗೆ ಕಳ್ಸಿಬಿಟ್ಟೆ" ಎಂದಳು ಅಮ್ಮ. "ನಾನೇನಾದ್ರೂ ಮಾತಾಡಬಾರದ್ದು ಮಾತಾಡಿದ್ನಾ?"

"ಇಲ್ಲಮ್ಮ. ಸೋಮವಾರ ರಜಾ ಹಾಕ್ತೀನಿ. ಕಣ್ಣಿನ ಡಾಕ್ಟರ ಹತ್ರ ಹೋಗ್ಬರೋಣ."

ಅವನು ಗೋಡೆ ತಡವಿ ಸ್ವಿಚ್ಚು ಒತ್ತಿದ. ಎರಡು ಬಲ್ಬುಗಳ ಬೆಳಕು ಅಮ್ಮನ ಮೇಲೆ, ಕುರ್ಚಿಯ ಮೇಲೆ, ಗೋಡೆಯ ಮಾಸಲು ಗೆರೆಯ ಮೇಲೆ ಬಿತ್ತು. ಅಮ್ಮ ಕಣ್ಣು ಕಿರಿದು ಮಾಡಿಕೊಂಡು, ಆಮೇಲೆ ನಿಧಾನವಾಗಿ ತೆರೆದಳು. ಹೊದಿಕೆಯನ್ನು ತೊಡೆಗೆ ಎಳೆದುಕೊಂಡು ಸೂಜಿಗಾಗಿ ಬೆರಳಾಡಿಸಿದಳು. ತಿಂಗಳ ಹಿಂದೆ ಚುಚ್ಚಿದ್ದಲ್ಲೇ ಅದು ಇತ್ತು, ದಾರ ಕೂಡ ಬಿಚ್ಚಿರಲಿಲ್ಲ. "ಇಲ್ಲಿ ಬಾ" ಎಂದಳು. "ಎದುರಿಗೆ ಕೂತ್ಕೋ, ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು." ಅವನು ಸ್ಟೂಲು ಎಳೆದುಕೊಂಡು ಕೂತ. ಆ ಹೌದು ಎಂಬ ಮಾತನ್ನು ನಿಜ ಮಾಡಲು ಇನ್ನು ದಿನವೂ ಈ ಹೊತ್ತಿಗೆ ಇಲ್ಲಿಗೆ ಬಂದು ದೀಪ ಹಚ್ಚಬೇಕು, ಎಷ್ಟು ಸಂಜೆ ಹಚ್ಚಿದರೆ ಅದು ನಿಜವಾಗುತ್ತದೆಂದು ಯಾವ ತಕ್ಕಡಿಯೂ ಹೇಳಲಾರದು. ಅಮ್ಮ ನೋಡುತ್ತಲೇ ಇದ್ದಳು. ಅವನ ಕುತ್ತಿಗೆ ತಾನಾಗಿ ಬಾಗಿತು.

"ಯಾಕೋ, ತಲೆ ಬಗ್ಗಿಸ್ಕೊಂಡಿದೀಯ?"

"ಬೆಳಕು ಜಾಸ್ತಿ ಆಯ್ತಮ್ಮ."

"ಕೂತಿರು, ಅಭ್ಯಾಸ ಆಗುತ್ತೆ" ಎಂದು ಅಮ್ಮ ನಿಲ್ಲಿಸಿದ್ದಲ್ಲಿಂದ ಹೊಲಿಯತೊಡಗಿದಳು.